ಉದ್ಯಮಬಾಗದಿಂದ ಯಲಹಂಕಕ್ಕೆ: ಏರೋ ಇಂಡಿಯಾದಲ್ಲಿ ಸಣ್ಣ ಕಂಪನಿ ಸ್ಟಾಲ್ ಹಾಕುವುದು ಹೇಗೆ?

ಉದ್ಯಮಬಾಗ, ಮಚ್ಛೆ, ಕಾಕತಿ, ಹೊನಗಾ. ಬೆಳಗಾವಿಯ ಈ ಕಡೆಗಳಲ್ಲಿ ಎರಕ, ವಾಲ್ವ್, ಹೈಡ್ರಾಲಿಕ್ಸ್, ಟ್ರ್ಯಾಕ್ಟರ್ ಬಿಡಿಭಾಗ ಎಲ್ಲ ಹಳೆಯ ಕೆಲಸ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಭಾಗ ಮಾಡುವ ಕಂಪನಿ ಏಕಸ್‌ನ ವಿಶೇಷ ಆರ್ಥಿಕ ವಲಯ ಶುರುವಾದ ಮೇಲೆ ವಿಮಾನದ ಭಾಗಗಳೂ ಜಿಲ್ಲೆಗೆ ಬಂದವು. ಅಲ್ಲಿ ಫೋರ್ಜಿಂಗ್, ಮಷಿನಿಂಗ್, ಮೇಲ್ಮೈ ಸಂಸ್ಕರಣೆ, ಜೋಡಣೆ ಎಲ್ಲ ಒಂದೇ ಆವರಣದಲ್ಲಿ ನಡೆಯುತ್ತದೆ. ಅದನ್ನು ನೋಡಿದ ಸಣ್ಣ ಮಷಿನ್ ಶಾಪ್‌ಗಳ ಮಾಲೀಕರು ಈಗ ಕೇಳುವ ಪ್ರಶ್ನೆ ಒಂದೇ: ನಾವೂ ಏರೋ ಇಂಡಿಯಾ ವೈಮಾನಿಕ ಮೇಳದಲ್ಲಿ ಒಂದು ಸ್ಟಾಲ್ ಹಾಕಬಹುದಾ?

ಹಾಕಬಹುದು. ಆದರೆ ಜಾತ್ರೆಗೆ ಅಂಗಡಿ ಇಟ್ಟ ಹಾಗೆ ಹೋದರೆ ದುಡ್ಡು ಹೋಗುತ್ತದೆ, ಕ್ಯಾಲೆಂಡರು ಮತ್ತು ಪೆನ್ನು ಖಾಲಿಯಾಗುತ್ತವೆ, ಅಷ್ಟೇ. ಇದು ನಾಲ್ಕೈದು ಜನರ ತಂಡಕ್ಕೆ, ಮೂರು ಮೀಟರ್ ಉದ್ದ ಮೂರು ಮೀಟರ್ ಅಗಲದ ಸ್ಟಾಲ್‌ಗೆ ಬರೆದ ಮಾರ್ಗದರ್ಶಿ. ದೊಡ್ಡ ಕಂಪನಿಗಳಿಗೆ ಇದಕ್ಕೆಂದೇ ಬೇರೆ ವಿಭಾಗ ಇರುತ್ತದೆ. ಅವರಿಗೆ ಇದು ಬೇಕಿಲ್ಲ.

ಮೇಳವನ್ನು ಮೊದಲು ಅರ್ಥ ಮಾಡಿಕೊಳ್ಳಿ

ಏರೋ ಇಂಡಿಯಾ 1996ರಲ್ಲಿ ಶುರುವಾಯಿತು. ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ರಕ್ಷಣಾ ಸಚಿವಾಲಯದ್ದೇ ಕಾರ್ಯಕ್ರಮ. 15ನೇ ಆವೃತ್ತಿ 2025ರ ಫೆಬ್ರವರಿ 10ರಿಂದ 14ರವರೆಗೆ ನಡೆಯಿತು. ಆ ಸಲ ರಷ್ಯಾದ ಸು-57, ಅಮೆರಿಕದ ಎಫ್-35 ಎರಡೂ ಬಂದಿದ್ದವು. ಟಿವಿಯವರು ಅದನ್ನೇ ತೋರಿಸಿದರು. ನಿಮಗೆ ಬೇಕಾದ ಮಾಹಿತಿ ಬೇರೆ: ಆ ಐದು ದಿನಗಳಲ್ಲಿ ಮೊದಲ ಮೂರು ದಿನ ವ್ಯಾಪಾರಕ್ಕೆ, ಕೊನೆಯ ಎರಡು ದಿನ ಸಾರ್ವಜನಿಕರಿಗೂ ತೆರೆದಿತ್ತು. ನಿಮ್ಮ ಕೆಲಸ ಆಗುವುದು ಆ ಮೊದಲ ಮೂರು ದಿನಗಳಲ್ಲಿ.

ಹೈದರಾಬಾದಿನ ಬೇಗಂಪೇಟೆಯಲ್ಲಿ ನಡೆಯುವ ವಿಂಗ್ಸ್ ಇಂಡಿಯಾ ನಾಗರಿಕ ವಿಮಾನಯಾನದ ಮೇಳ. ವಿಮಾನ ನಿಲ್ದಾಣದ ಸಲಕರಣೆ, ಕ್ಯಾಬಿನ್ ಸಾಮಾನು ಮಾಡುವವರಿಗೆ ಅದು ಹೊಂದುತ್ತದೆ. ಲೋಹ ಕೊರೆಯುವ, ಫೋರ್ಜ್ ಮಾಡುವ, ಎರಕ ಹೊಯ್ಯುವ ಬೆಳಗಾವಿಯವರಿಗೆ ಮೊದಲ ಸಲ ಯಲಹಂಕವೇ ಸರಿ. ಹತ್ತಿರ, ಅದೇ ರಾಜ್ಯ, ಜಿಎಸ್‌ಟಿ ತಲೆನೋವು ಕಡಿಮೆ. ಜೊತೆಗೆ ಎಚ್‌ಎಎಲ್, ಬಿಇಎಲ್, ಎನ್‌ಎಎಲ್, ಡಿಆರ್‌ಡಿಒ ಪ್ರಯೋಗಾಲಯಗಳ ಎಂಜಿನಿಯರುಗಳು ಅದೇ ಊರಿನಲ್ಲಿದ್ದಾರೆ.

ಆರು ತಿಂಗಳ ಮೊದಲು: ನಿಮ್ಮಿಂದ ಏನು ಆಗುತ್ತದೆ, ಏನು ಆಗಲ್ಲ

ಸ್ಟಾಲ್ ಬುಕ್ ಮಾಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಇದು ಇಡೀ ತಯಾರಿಯ ಬುಡ. ಇಲ್ಲಿ ಸಡಿಲ ಬಿಟ್ಟರೆ ಮುಂದೆ ಏನೇ ಮಾಡಿದರೂ ನಿಲ್ಲುವುದಿಲ್ಲ.

ಎಡಗಡೆ ನಿಮ್ಮಿಂದ ಆಗುವುದನ್ನು ಬರೆಯಿರಿ. "ಎಲ್ಲ ಬಗೆಯ ಮಷಿನಿಂಗ್ ಮಾಡುತ್ತೇವೆ" ಅಂತ ಬರೆದರೆ ಖರೀದಿದಾರನಿಗೆ ಏನೂ ತಿಳಿಯುವುದಿಲ್ಲ. ಯಂತ್ರ ಎಷ್ಟು, ಮೂರು ಆ್ಯಕ್ಸಿಸ್ (ಮೂರು ದಿಕ್ಕಿನಲ್ಲಿ ಚಲಿಸಿ ಕೊರೆಯುವವು) ಎಷ್ಟು, ಐದು ಆ್ಯಕ್ಸಿಸ್ ಎಷ್ಟು. ಟೇಬಲ್ ಮೇಲೆ ಕೂರಬಹುದಾದ ಅತಿ ದೊಡ್ಡ ಭಾಗದ ಅಳತೆ. ದಿನವೂ ಹಿಡಿಯಬಲ್ಲ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ, ಎಷ್ಟು ಮೈಕ್ರಾನ್. ಒಂದು ಸಲ ಅದೃಷ್ಟದಿಂದ ಬಂದದ್ದನ್ನು ಬರೆಯಬೇಡಿ. ಯಾವ ಲೋಹದ ಮೇಲೆ ಕೆಲಸ ಮಾಡಿದ್ದೀರಿ: 6061 ಅಲ್ಯೂಮಿನಿಯಮ್ಮಾ, 7075ಆ, ಟೈಟಾನಿಯಂ ಗ್ರೇಡ್ 5ಆ, ನಿಕಲ್ ಮಿಶ್ರಲೋಹವಾದ ಇಂಕೊನೆಲ್ 718ಆ? ಅಲ್ಯೂಮಿನಿಯಮ್ಮಿನಲ್ಲಿ ಪಳಗಿದ ಶಾಪಿಗೆ ಟೈಟಾನಿಯಂ ಸುಲಭಕ್ಕೆ ಒಗ್ಗುವುದಿಲ್ಲ. ಅದು ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಟೂಲಿನ ತುದಿಯನ್ನು ತಿನ್ನುತ್ತದೆ, ವೇಗ ಇಳಿಸಬೇಕಾಗುತ್ತದೆ. ಈ ವ್ಯತ್ಯಾಸ ಗೊತ್ತಿರುವ ಖರೀದಿದಾರ ಮೂರನೇ ಪ್ರಶ್ನೆಯಲ್ಲೇ ನಿಮ್ಮನ್ನು ಅಳೆದುಬಿಡುತ್ತಾನೆ.

ಬಲಗಡೆ ಆಗದ್ದನ್ನು ಬರೆಯಿರಿ. ಆನೊಡೈಸಿಂಗ್ (ಅಲ್ಯೂಮಿನಿಯಂ ಮೇಲ್ಮೈಗೆ ರಕ್ಷಣೆಯ ಪದರ ಕೊಡುವುದು) ಒಳಗೇ ಇದೆಯಾ, ಹೊರಗೆ ಕೊಡುತ್ತೀರಾ? ಹೀಟ್ ಟ್ರೀಟ್‌ಮೆಂಟ್? ಬಿರುಕು ಪತ್ತೆ ಹಚ್ಚುವ ಎನ್‌ಡಿಟಿ ಪರೀಕ್ಷೆ? ವಿಮಾನದ ಭಾಗಗಳಿಗೆ ಇಂಥ ವಿಶೇಷ ಪ್ರಕ್ರಿಯೆಗಳನ್ನು ನ್ಯಾಡ್‌ಕ್ಯಾಪ್ ಮಾನ್ಯತೆ ಇರುವವರ ಹತ್ತಿರವೇ ಮಾಡಿಸಬೇಕು ಅಂತ ದೊಡ್ಡ ಕಂಪನಿಗಳು ಕೇಳುತ್ತವೆ. ನಿಮಗೆ ಇಲ್ಲದಿದ್ದರೆ ಯಾರ ಹತ್ತಿರ ಮಾಡಿಸುತ್ತೀರಿ ಅನ್ನುವ ಉತ್ತರ ಬೇಕು.

ಈ ಬಲಗಡೆಯ ಪಟ್ಟಿಯನ್ನು ತೋರಿಸಲು ನಮ್ಮವರಿಗೆ ಸಂಕೋಚ. "ಇಲ್ಲ ಅಂದ್ರ ಹೊಕ್ಕಾರ್ರಿ" ಅನ್ನುತ್ತಾರೆ. ನನ್ನ ಅಭಿಪ್ರಾಯ ಉಲ್ಟಾ. ವಿಮಾನದ ಖರೀದಿ ವಿಭಾಗದಲ್ಲಿ ಕೂತವನು ದಿನವಿಡೀ "ಎಲ್ಲಾ ಆಗುತ್ತೆ ಸಾರ್" ಕೇಳಿ ಬೇಸತ್ತಿರುತ್ತಾನೆ. "ಇದು ನಮ್ಮಲ್ಲಿ ಆಗಲ್ಲ, ಆದರೆ ಇದೊಂದು ಚೆನ್ನಾಗಿ ಆಗುತ್ತದೆ" ಅಂದವನ ಕಾರ್ಡನ್ನು ಅವನು ಬೇರೆ ಜೇಬಿನಲ್ಲಿ ಇಡುತ್ತಾನೆ.

ಪ್ರಮಾಣಪತ್ರದ ವಿಚಾರವೂ ಹೀಗೆಯೇ. ಐಎಸ್‌ಒ 9001 ಇದ್ದರೆ ಮಾತು ಶುರುವಾಗುತ್ತದೆ. ವಿಮಾನ ಕ್ಷೇತ್ರದ ಗುಣಮಟ್ಟದ ಪ್ರಮಾಣಪತ್ರವಾದ ಎಎಸ್9100 ಇದ್ದರೆ ಮಾತು ಮುಂದೆ ಹೋಗುತ್ತದೆ. ಎಎಸ್9100 ಸಿಕ್ಕ ಕಂಪನಿಗಳ ಹೆಸರು ಓಯಾಸಿಸ್ ಅನ್ನುವ ಅಂತರರಾಷ್ಟ್ರೀಯ ದತ್ತಾಂಶದಲ್ಲಿ ಇರುತ್ತದೆ. ಖರೀದಿದಾರ ನಿಮ್ಮ ಎದುರೇ ಮೊಬೈಲಿನಲ್ಲಿ ಹುಡುಕಬಹುದು. ಅಲ್ಲಿ ಹೆಸರು, ವಿಳಾಸ, ಅವಧಿ ಸರಿಯಾಗಿವೆಯಾ ಅಂತ ಮೊದಲೇ ನೋಡಿ. ಇನ್ನೂ ಸಿಕ್ಕಿಲ್ಲ, ತಯಾರಿ ನಡೆದಿದೆ ಅಂದರೆ ಹಾಗೇ ಹೇಳಿ. ಆಡಿಟ್ ಯಾವ ತಿಂಗಳಲ್ಲಿದೆ ಅನ್ನುವುದನ್ನೂ ಹೇಳಿ. ಸೇನಾ ವಿಮಾನದ ಕೆಲಸ ಬೇಕಿದ್ದರೆ ಸೆಮಿಲ್ಯಾಕ್ ಮತ್ತು ಡಿಜಿಎಕ್ಯೂಎ ಅನ್ನುವ ಎರಡು ಹೆಸರುಗಳು ತಂಡದ ಎಲ್ಲರಿಗೂ ಗೊತ್ತಿರಲಿ. ಮೊದಲನೆಯದು ಹಾರಾಟ ಯೋಗ್ಯತೆಗೆ ಒಪ್ಪಿಗೆ ಕೊಡುತ್ತದೆ. ಎರಡನೆಯದು ಗುಣಮಟ್ಟ ನೋಡುತ್ತದೆ.

ಸ್ಟಾಲ್, ಹಣ, ಕಾಗದ

ಜಾಗದಲ್ಲಿ ಎರಡು ಬಗೆ. ಬರೀ ನೆಲ ಕೊಟ್ಟು ಉಳಿದದ್ದನ್ನು ನೀವೇ ಕಟ್ಟಿಕೊಳ್ಳುವುದು ಒಂದು. ಗೋಡೆ, ಮೇಜು, ಕುರ್ಚಿ, ದೀಪ, ಒಂದು ಪ್ಲಗ್ ಪಾಯಿಂಟ್, ಮೇಲೆ ಹೆಸರಿನ ಪಟ್ಟಿ ಸಮೇತ ಸಿಗುವುದು ಇನ್ನೊಂದು. ಸಣ್ಣ ತಂಡಕ್ಕೆ ಎರಡನೆಯದೇ ಸಾಕು. ಮೂಲೆಯ ಸ್ಟಾಲ್ ಸಿಕ್ಕರೆ ಎರಡು ಕಡೆಯಿಂದ ಜನ ಬರುತ್ತಾರೆ. ಬಾಡಿಗೆ ಸ್ವಲ್ಪ ಜಾಸ್ತಿ, ಆದರೂ ತೆಗೆದುಕೊಳ್ಳಿ. ಒಂಟಿಯಾಗಿ ಭಾರ ಅನ್ನಿಸಿದರೆ ಕೈಗಾರಿಕಾ ಸಂಘ ಅಥವಾ ರಾಜ್ಯದ ಪೆವಿಲಿಯನ್ ಒಳಗೆ ಒಂದು ಕೌಂಟರ್ ಸಿಗುತ್ತದಾ ಕೇಳಿ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದ್ದರೆ ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಯೋಜನೆಗಳಲ್ಲಿ ಮೇಳದ ಖರ್ಚಿನ ಒಂದು ಪಾಲು ವಾಪಸ್ ಸಿಗುವ ಅವಕಾಶವಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ನಡೆಸುವ ಘಟಕಗಳಿಗೆ ಆ ಪಾಲು ಜಾಸ್ತಿ. ಮಿತಿ, ಷರತ್ತು ಕಾಲಕಾಲಕ್ಕೆ ಬದಲಾಗುತ್ತವೆ. ಆದ್ದರಿಂದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಆ ವರ್ಷದ ನಿಯಮ ಕೇಳಿ. ದುಡ್ಡು ಕಟ್ಟುವ ಮೊದಲೇ ಕೇಳಬೇಕು. ಕಟ್ಟಿದ ಮೇಲೆ ಕೇಳಿದರೆ ಅರ್ಜಿ ಹಾಕುವ ದಿನ ಕಳೆದುಹೋಗಿರಬಹುದು. ರಫ್ತಿನ ಮೇಳಗಳ ಬಗ್ಗೆ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರದವರನ್ನೂ ವಿಚಾರಿಸಿ. ಪ್ರತಿ ಬಿಲ್ಲು, ಟಿಕೆಟ್ಟು, ಸ್ಟಾಲಿನ ಫೋಟೊ ಜೋಪಾನ ಮಾಡಿ. ಹಣ ವಾಪಸ್ ಕೇಳುವಾಗ ಅವೇ ಬೇಕು.

ಹೆಸರಿನ ಪಟ್ಟಿಯ ಅಕ್ಷರ ಎರಡು ಸಲ ನೋಡಿ ಕಳಿಸಿ. ಬೆಳಗಾವಿಯ ಇಂಗ್ಲಿಷ್ ಹೆಸರನ್ನು ಇನ್ನೂ ಹಳೆಯ ರೀತಿಯಲ್ಲಿ ಬರೆಯುವವರು ತುಂಬಾ ಇದ್ದಾರೆ. ನಿಮ್ಮ ಪ್ರಮಾಣಪತ್ರದಲ್ಲಿ ಒಂದು, ಸ್ಟಾಲಿನ ಮೇಲೆ ಇನ್ನೊಂದು ಅಂತಾದರೆ ಹೊರದೇಶದವನು ಎರಡು ಊರು ಅಂದುಕೊಳ್ಳುತ್ತಾನೆ.

ಪಾಸ್‌ಗಳ ವಿಷಯದಲ್ಲಿ ತಡ ಮಾಡಬೇಡಿ. ಅದು ಸೇನೆಯ ಜಾಗ. ಪ್ರತಿಯೊಬ್ಬನ ಫೋಟೊ, ಗುರುತಿನ ಚೀಟಿ ಮೊದಲೇ ಕೊಡಬೇಕು. ಕೊನೇ ಗಳಿಗೆಯಲ್ಲಿ ಒಬ್ಬನ ಬದಲು ಇನ್ನೊಬ್ಬನನ್ನು ಕಳಿಸುತ್ತೇನೆ ಅಂದರೆ ನಡೆಯುವುದಿಲ್ಲ. ಡ್ರೈವರ್‌ಗೂ, ವಾಹನಕ್ಕೂ ಬೇರೆ ಪಾಸ್ ಬೇಕು.

ಮೇಜಿನ ಮೇಲೆ ಏನಿಡಬೇಕು

ಕಡಿಮೆ ಇಡಿ. ಐದಾರು ಭಾಗ ಸಾಕು. ಒಂದೊಂದೂ ಒಂದೊಂದು ಮಾತು ಹೇಳಬೇಕು. ಒಂದು ತೆಳು ಗೋಡೆಯ ಅಲ್ಯೂಮಿನಿಯಂ ಪಾಕೆಟ್: ನಡುಗದಂತೆ ಕೊರೆಯುವುದು ಗೊತ್ತು ಅಂತ. ಒಂದು ಐದು ಆ್ಯಕ್ಸಿಸ್ ಭಾಗ. ಒಂದು ಅರ್ಧ ಕೆಲಸ ಆದದ್ದು, ಒಂದು ಕಚ್ಚಾ ಬಿಲ್ಲೆಟ್ (ಕೊರೆಯುವ ಮೊದಲಿನ ಲೋಹದ ತುಂಡು). ಕಚ್ಚಾ, ಅರ್ಧ, ಪೂರ್ತಿ ಮೂರನ್ನೂ ಸಾಲಾಗಿಟ್ಟರೆ ಎಂಜಿನಿಯರ್ ಆದವನು ತಾನಾಗಿ ನಿಲ್ಲುತ್ತಾನೆ. ಪ್ರತಿಯೊಂದರ ಪಕ್ಕ ಸಣ್ಣ ಚೀಟಿ: ಲೋಹ, ಅಳತೆ, ಟಾಲರೆನ್ಸ್. ಆ ಭಾಗವನ್ನು ಸಿಎಂಎಂ ಅನ್ನುವ ಅಳತೆಯ ಯಂತ್ರದಲ್ಲಿ ಅಳೆದ ವರದಿ ಕೆಳಗಿನ ಡ್ರಾಯರಿನಲ್ಲಿರಲಿ. ಕೇಳಿದವನಿಗೆ ಮಾತ್ರ ತೆಗೆದು ತೋರಿಸಿ.

ಈಗ ತುಂಬಾ ಮುಖ್ಯವಾದ ಮಾತು. ಗಿರಾಕಿಯ ಭಾಗವನ್ನು ಅವರ ಬರಹದ ಒಪ್ಪಿಗೆ ಇಲ್ಲದೆ ಮೇಜಿನ ಮೇಲೆ ಇಡಬೇಡಿ. ರಿಜೆಕ್ಟ್ ಆದ ಪೀಸ್ ಆದರೂ ಇಡಬೇಡಿ. ಡ್ರಾಯಿಂಗ್ ಅವರದು, ಆಕಾರವೂ ಅವರದು. ನೀವು ಸಹಿ ಹಾಕಿದ ಗೋಪ್ಯತೆಯ ಒಪ್ಪಂದ ಅದನ್ನೇ ಹೇಳುತ್ತದೆ. ಹೊಸ ಖರೀದಿದಾರ ಅದನ್ನು ನೋಡಿದರೆ "ನಾಳೆ ನನ್ನ ಭಾಗವನ್ನೂ ಹೀಗೇ ಇಡುತ್ತಾರೆ" ಅಂದುಕೊಳ್ಳುತ್ತಾನೆ. ಅದಕ್ಕೆ ನೀವೇ ಒಂದು ತೋರಿಕೆಯ ಭಾಗ ವಿನ್ಯಾಸ ಮಾಡಿ, ಕಷ್ಟದ ಅಂಶಗಳನ್ನೆಲ್ಲ ಅದರಲ್ಲಿ ತುಂಬಿ ಕೊರೆಯಿರಿ. ಗಿರಾಕಿಗಳ ಲೋಗೊ ಬ್ಯಾನರಿಗೆ ಹಾಕುವುದಕ್ಕೂ ಇದೇ ನಿಯಮ.

ಬ್ರೋಷರ್ ಹದಿನಾರು ಪುಟ ಬೇಡ. ಮಾಲೀಕರ ಫೋಟೊ, ಸಂಸ್ಥಾಪಕರ ಸಂದೇಶ, ಗಣಪತಿ ಪೂಜೆಯ ಚಿತ್ರ ಎಲ್ಲ ಆಫೀಸಿನ ಗೋಡೆಗೆ ಚೆಂದ. ಇಲ್ಲಿ ಎರಡು ಬದಿ ಅಚ್ಚಾದ ಒಂದೇ ಹಾಳೆ ಸಾಕು. ಮೊದಲು ಬರೆದ ಎಡಗಡೆಯ ಪಟ್ಟಿಯೇ ಅದು. ಕೆಳಗೆ ಕ್ಯೂಆರ್ ಕೋಡ್, ಫೋನ್ ಎತ್ತುವವರ ನಂಬರ್.

ಲೋಹದ ಭಾಗಗಳನ್ನು ಫೋಮ್ ಕತ್ತರಿಸಿದ ಮರದ ಪೆಟ್ಟಿಗೆಯಲ್ಲಿಡಿ. ಉಕ್ಕಿನವಕ್ಕೆ ತುಕ್ಕು ತಡೆಯುವ ವಿಸಿಐ ಕಾಗದ ಸುತ್ತಿ. ಜನ ಮುಟ್ಟಿ ಮುಟ್ಟಿ ಬೆರಳಚ್ಚು ಮೂಡುತ್ತದೆ, ಮೆತ್ತನೆಯ ಬಟ್ಟೆ ಜೊತೆಗಿರಲಿ. ಸಾಮಾನಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಮಾಡಿ. ಮಾರಾಟಕ್ಕಲ್ಲ, ಪ್ರದರ್ಶನಕ್ಕೆ ಅಂತ ಬರೆದ ಡೆಲಿವರಿ ಚಲನ್ ಇರಲಿ. ಒಳಗೆ ಹೋಗುವಾಗ ಗೇಟಿನಲ್ಲಿ ಆ ಪಟ್ಟಿಗೆ ಮುದ್ರೆ ಹಾಕಿಸಿಕೊಳ್ಳಿ. ಲ್ಯಾಪ್‌ಟಾಪ್, ಟಿವಿ ಕೂಡ ಪಟ್ಟಿಯಲ್ಲಿರಲಿ. ಇಲ್ಲದಿದ್ದರೆ ಹೊರಬರುವಾಗ ನಿಮ್ಮದೇ ಸಾಮಾನು ನಿಮ್ಮದು ಅಂತ ತೋರಿಸಲು ರಾತ್ರಿಯಾಗುತ್ತದೆ.

ಬಂದವರ ಕೈಗೆ ಊರಿನ ಸಿಹಿ ಕೊಡುವ ಆಸೆ ಎಲ್ಲರಿಗೂ. ಕುಂದಾ ಹಾಲಿನದು, ಬಿಸಿಲಿನ ಹಾಲ್‌ನಲ್ಲಿ ಹೆಚ್ಚು ಹೊತ್ತು ತಾಳುವುದಿಲ್ಲ. ಗೋಕಾಕದ ಕರದಂಟು ಒಳ್ಳೆಯದು, ಒಂದೊಂದೇ ತುಂಡು ಸುತ್ತಿ ಸಿಗುತ್ತದೆ. ಅದರಲ್ಲಿ ಗೋಡಂಬಿ, ಬಾದಾಮಿ ಇದೆ ಅಂತ ಇಂಗ್ಲಿಷಿನಲ್ಲಿ ಒಂದು ಚೀಟಿ ಇಡಿ. ಅವುಗಳಿಂದ ಅಲರ್ಜಿ ಆಗುವವರು ಇರುತ್ತಾರೆ.

ಯಾರು ಹೋಗಬೇಕು

ಮಾಲೀಕರು, ಅವರ ಅಳಿಯ, ಒಬ್ಬ ಮಾರ್ಕೆಟಿಂಗ್ ಹುಡುಗ. ನಮ್ಮ ಕಡೆ ಸಾಮಾನ್ಯವಾಗಿ ಹೋಗುವ ತಂಡ ಇದು. ಇದರಲ್ಲಿ ಇರಲೇಬೇಕಾದವರು ಇಲ್ಲ: ಕ್ವಾಲಿಟಿ ನೋಡುವವರು ಮತ್ತು ಪ್ರೋಗ್ರಾಂ ಬರೆಯುವವರು.

ನಾಲ್ಕು ಜನ ಇದ್ದರೆ ಹೀಗೆ ಹಂಚಿ. ಬೆಲೆ, ಸಾಮರ್ಥ್ಯದ ಬಗ್ಗೆ ಮಾತು ಕೊಡಬಲ್ಲ ಒಬ್ಬರು. ಕ್ವಾಲಿಟಿಯವರು ಒಬ್ಬರು. ಯಂತ್ರದ ಮುಂದೆ ನಿಂತು ಕೆಲಸ ಮಾಡಿದ ಎಂಜಿನಿಯರ್ ಒಬ್ಬರು. ಬರೆದುಕೊಳ್ಳಲು, ಕಾರ್ಡ್ ಸಂಗ್ರಹಿಸಲು ಚುರುಕಾದ ಒಬ್ಬ ಜೂನಿಯರ್. ಮೂರು ಮೀಟರ್ ಸ್ಟಾಲಿನಲ್ಲಿ ಒಂದೇ ಹೊತ್ತಿಗೆ ಮೂವರಿಗಿಂತ ಜಾಸ್ತಿ ನಿಲ್ಲಬೇಡಿ. ಗೋಡೆಯ ಹಾಗೆ ಅಡ್ಡ ನಿಂತರೆ ಯಾರೂ ಒಳಗೆ ಬರುವುದಿಲ್ಲ.

ಹೋಗುವ ಮೊದಲು ಕ್ಯಾಂಟೀನಿನಲ್ಲಿ ಕೂತು ಅಭ್ಯಾಸ ಮಾಡಿ. ಒಬ್ಬರು ಖರೀದಿದಾರ ಆಗಲಿ, ಕಷ್ಟದ ಪ್ರಶ್ನೆ ಹಾಕಲಿ. "ನಿಮ್ಮ ಐದು ಆ್ಯಕ್ಸಿಸ್ ಯಂತ್ರದಲ್ಲಿ ತಿಂಗಳಿಗೆ ಎಷ್ಟು ಗಂಟೆ ಖಾಲಿ ಇದೆ?" "ಹೇಳಿದ ದಿನಕ್ಕೆ ಕಳಿಸಿದ್ದು ನೂರಕ್ಕೆ ಎಷ್ಟು?" "ಕಚ್ಚಾ ಲೋಹ ಎಲ್ಲಿಂದ, ಅದರ ಮಿಲ್ ಸರ್ಟಿಫಿಕೇಟ್ ಹೇಗೆ ಇಟ್ಟಿರುತ್ತೀರಿ?" "ಎಎಸ್9102 ಪ್ರಕಾರ ಮೊದಲ ಪೀಸಿನ ತಪಾಸಣೆ ವರದಿ ಮಾಡಿದ್ದೀರಾ?" ಈ ನಾಲ್ಕಕ್ಕೆ ಎಲ್ಲರಿಂದಲೂ ಒಂದೇ ಉತ್ತರ ಬರಬೇಕು. ಮಾಲೀಕರು ಒಂದು ಸಂಖ್ಯೆ, ಎಂಜಿನಿಯರ್ ಇನ್ನೊಂದು ಸಂಖ್ಯೆ ಹೇಳಿದರೆ ಕೇಳಿದವನು ನಕ್ಕು ಮುಂದೆ ಹೋಗುತ್ತಾನೆ.

ಇಂಗ್ಲಿಷ್ ಸರಾಗ ಬರದಿದ್ದರೆ ಚಿಂತೆ ಬೇಡ. ಭಾಗವನ್ನು ಕೈಯಲ್ಲಿ ಹಿಡಿದು ಮಾತಾಡುವ ಎಂಜಿನಿಯರ್‌ಗೆ ವ್ಯಾಕರಣ ಯಾರೂ ಕೇಳುವುದಿಲ್ಲ.

ಪ್ರಯಾಣ ಮತ್ತು ಹಿಂದಿನ ದಿನ

ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್. ಪೆಟ್ಟಿಗೆಗಳು ಟೆಂಪೊದಲ್ಲಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗಲಿ, ಜೊತೆಗೆ ನಿಮ್ಮವನೇ ಒಬ್ಬ ಇರಲಿ. ಉಳಿದವರು ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟರೆ ಯಶವಂತಪುರದಲ್ಲೇ ಇಳಿಯಬಹುದು. ಯಲಹಂಕಕ್ಕೆ ಅಲ್ಲಿಂದ ಹತ್ತಿರ. 2025ರ ಆಗಸ್ಟ್‌ನಿಂದ ವಂದೇ ಭಾರತ್ ಕೂಡ ಇದೆ. ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನದಲ್ಲಿ ಹೋಗುವವರು ಒಂದು ವಿಷಯ ಗಮನಿಸಿ: ಮೇಳದ ದಿನಗಳಲ್ಲಿ, ಅದರ ಮೊದಲಿನ ಅಭ್ಯಾಸದ ದಿನಗಳಲ್ಲಿ ಕೆಂಪೇಗೌಡ ನಿಲ್ದಾಣದ ವಿಮಾನಗಳ ವೇಳೆ ಬದಲಾಗುತ್ತದೆ. ಟಿಕೆಟ್ ತೆಗೆದ ಮೇಲೂ ವೇಳೆ ನೋಡುತ್ತಾ ಇರಿ.

ಉಳಿಯಲು ಯಲಹಂಕ, ಜಕ್ಕೂರು, ಹೆಬ್ಬಾಳದ ಕಡೆ ರೂಮು ತಿಂಗಳುಗಟ್ಟಲೆ ಮೊದಲೇ ತೆಗೆದುಕೊಳ್ಳಿ. ಬಳ್ಳಾರಿ ರಸ್ತೆಯ ಟ್ರಾಫಿಕ್ ಆ ವಾರ ಬೇರೆಯೇ ಲೆಕ್ಕ. ಊಟದ ಬಗ್ಗೆ ಒಂದು ಮಾತು: ಹಕ್ಕಿಗಳು ವಿಮಾನಕ್ಕೆ ಬಡಿಯಬಾರದು ಅಂತ ಆ ದಿನಗಳಲ್ಲಿ ವಾಯುನೆಲೆಯ ಸುತ್ತ ಮಾಂಸ ಮಾರಾಟ ನಿಲ್ಲಿಸುತ್ತಾರೆ. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವಲ್ಲ, ಅದಕ್ಕೆ. ರಾತ್ರಿ ಬಿರಿಯಾನಿ ಅಂತ ಆಸೆ ಇಟ್ಟುಕೊಂಡವರಿಗೆ ಮೊದಲೇ ಹೇಳಿಬಿಡಿ.

ಹಿಂದಿನ ದಿನ ಮಧ್ಯಾಹ್ನವೇ ಸ್ಟಾಲ್ ಜೋಡಿಸಿ ಮುಗಿಸಿ. ದೀಪ ಉರಿಯುತ್ತದಾ, ಪ್ಲಗ್‌ನಲ್ಲಿ ಕರೆಂಟ್ ಇದೆಯಾ ನೋಡಿ. ಎಕ್ಸ್‌ಟೆನ್ಷನ್ ಬೋರ್ಡ್, ಡಬಲ್ ಟೇಪ್, ಕತ್ತರಿ, ಸ್ಕ್ರೂಡ್ರೈವರ್, ಮಾರ್ಕರ್ ಪೆನ್ನು, ತಲೆನೋವಿನ ಮಾತ್ರೆ ಇರುವ ಒಂದು ಡಬ್ಬಿ ಜೊತೆಗಿರಲಿ. ವಿಡಿಯೊ ಪೆನ್‌ಡ್ರೈವ್‌ನಲ್ಲಿರಲಿ. ಅಷ್ಟು ಜನ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಎಳೆಯುವುದಿಲ್ಲ.

ಮೇಳದ ದಿನ

ಬೆಳಗ್ಗೆ ತಿಂಡಿ ಹೊಟ್ಟೆ ತುಂಬ ತಿಂದು ಹೊರಡಿ. ಗೇಟಿನ ತಪಾಸಣೆ, ಒಳಗಿನ ನಡಿಗೆ ಎಲ್ಲ ಸೇರಿ ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಹೊಸ ಶೂ ಹಾಕಬೇಡಿ. ಇಡೀ ದಿನ ಗಟ್ಟಿ ನೆಲದ ಮೇಲೆ ನಿಲ್ಲುವುದಿದೆ. ಫೆಬ್ರವರಿಯಲ್ಲಿ ಅಲ್ಲಿ ಬೆಳಗ್ಗೆ ತಂಪು, ಹನ್ನೊಂದರ ಮೇಲೆ ಬಿಸಿಲು. ಕೋಟು ಬೇಕಿಲ್ಲ. ಕಂಪನಿಯ ಹೆಸರಿರುವ ಒಂದೇ ಬಣ್ಣದ ಅಂಗಿ ಸಾಕು.

ಬಾಗಿಲು ತೆರೆದ ಮೊದಲ ಎರಡು ತಾಸು ಚಿನ್ನದಂಥವು. ದೊಡ್ಡ ಕಂಪನಿಗಳ ಖರೀದಿ ವಿಭಾಗದವರು ಆಗ ಇನ್ನೂ ದಣಿದಿರುವುದಿಲ್ಲ, ಸಣ್ಣ ಸ್ಟಾಲ್‌ಗಳ ಕಡೆಯೂ ಸುತ್ತುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ನಿರ್ಧಾರ ಮಾಡುವವರು, ಕ್ವಾಲಿಟಿಯವರು ಇಬ್ಬರೂ ಸ್ಟಾಲಿನಲ್ಲೇ ಇರಲಿ. ಮೊಬೈಲ್ ನೋಡುತ್ತಾ ಕೂತಿರಬೇಡಿ. ಕೂತವನನ್ನು ಎಬ್ಬಿಸಿ ಮಾತಾಡಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಮಾತು ಶುರು ಮಾಡುವುದು ಹೇಗೆ? "ವೆಲ್‌ಕಂ ಸರ್" ಅಂದು ಬ್ರೋಷರ್ ತುರುಕಬೇಡಿ. ಅವರು ಯಾವ ಭಾಗ ನೋಡುತ್ತಿದ್ದಾರೋ ಅದನ್ನೇ ಎತ್ತಿ ಕೈಗೆ ಕೊಡಿ. ಭಾರ ನೋಡುತ್ತಾರೆ, ತಿರುಗಿಸುತ್ತಾರೆ, ಪ್ರಶ್ನೆ ತಾನಾಗಿ ಬರುತ್ತದೆ. ಆಮೇಲೆ ನೀವು ಕೇಳಿ: "ನೀವು ಯಾವ ತರಹದ ಭಾಗ ಹುಡುಕುತ್ತಿದ್ದೀರಿ?" ಇಲ್ಲಿಂದ ಮುಂದೆ ಅವರು ಜಾಸ್ತಿ ಮಾತಾಡಬೇಕು, ನೀವು ಕಡಿಮೆ.

ಒಂದು ಉದಾಹರಣೆ ನೋಡಿ. ಒಬ್ಬರು ಬಂದು ಇಂಕೊನೆಲ್ ಭಾಗ ಆಗುತ್ತದಾ ಅಂತ ಕೇಳುತ್ತಾರೆ. ನಿಮ್ಮ ಶಾಪಿನಲ್ಲಿ ಮಾಡಿದ್ದು ಅಲ್ಯೂಮಿನಿಯಂ ಮತ್ತು ಸ್ಟೇನ್‌ಲೆಸ್ ಮಾತ್ರ. ಹೇಳಬೇಕಾದ್ದು ಇಷ್ಟು: "ಇಂಕೊನೆಲ್ ನಾವು ಮಾಡಿಲ್ಲ. ಅಲ್ಯೂಮಿನಿಯಂನಲ್ಲಿ ಈ ಅಳತೆಯವರೆಗೆ, ಈ ಟಾಲರೆನ್ಸ್‌ನಲ್ಲಿ ಮಾಡುತ್ತೇವೆ. ನಿಮ್ಮಲ್ಲಿ ಬ್ರ್ಯಾಕೆಟ್, ಹೌಸಿಂಗ್ ತರಹದ್ದು ಇದೆಯಾ?" ಇಂಕೊನೆಲ್ ಕೇಳಿದ ಕಂಪನಿಗೆ ಅಲ್ಯೂಮಿನಿಯಂ ಬ್ರ್ಯಾಕೆಟ್ ಬೇಕಿರುವುದಿಲ್ಲ ಅನ್ನಲು ಬರುವುದಿಲ್ಲ, ಅಲ್ವಾ? ಸುಮ್ನೆ "ಆಗ್ತದ್ರಿ" ಅಂದುಬಿಟ್ಟರೆ ಡ್ರಾಯಿಂಗ್ ಬಂದ ದಿನ ಸಿಕ್ಕಿಬೀಳುತ್ತೀರಿ.

ಬೆಲೆಯನ್ನು ಸ್ಟಾಲಿನಲ್ಲಿ ಹೇಳಬೇಡಿ. ಯಂತ್ರದ ಗಂಟೆ ದರವನ್ನೂ ಹೇಳಬೇಡಿ. ಪಕ್ಕದಲ್ಲಿ ನಿಂತು ಕೇಳುವವರಲ್ಲಿ ನಿಮ್ಮ ಎದುರಾಳಿ ಇರಬಹುದು. "ಡ್ರಾಯಿಂಗ್ ಬಂದ ಮೇಲೆ ಇಷ್ಟು ದಿನದಲ್ಲಿ ಕೊಟೇಶನ್ ಕಳಿಸುತ್ತೇವೆ" ಅಂತ ದಿನ ಹೇಳಿ, ಆ ದಿನ ತಪ್ಪಿಸಬೇಡಿ. ಹಾಗೆಯೇ ತಂಡದವರು ತಮ್ಮತಮ್ಮಲ್ಲಿ ಕನ್ನಡದಲ್ಲೋ ಮರಾಠಿಯಲ್ಲೋ ರೇಟಿನ ಲೆಕ್ಕ ಹಾಕಬೇಡಿ. ಎದುರಿಗಿರುವ ಸೂಟಿನವರು ಜಮಖಂಡಿಯವರೋ ಕೊಲ್ಲಾಪುರದವರೋ ಆಗಿರಬಹುದು.

ಯಾರಾದರೂ ಡ್ರಾಯಿಂಗ್ ತೋರಿಸಿದರೆ ಮೊಬೈಲಿನಲ್ಲಿ ಫೋಟೊ ಹೊಡೆಯಬೇಡಿ. ಅಮೆರಿಕದ ಕೆಲವು ರಕ್ಷಣಾ ಡ್ರಾಯಿಂಗ್‌ಗಳಿಗೆ ಐಟಾರ್ ಅನ್ನುವ ರಫ್ತು ನಿಯಮ ಅನ್ವಯಿಸುತ್ತದೆ. ಅನುಮತಿ ಇಲ್ಲದೆ ಬೇರೆ ದೇಶದವರ ಕೈಗೆ ಅವು ಹೋಗಬಾರದು. ಒಪ್ಪಂದಕ್ಕೆ ಸಹಿಯಾದ ಮೇಲೆ ಕಂಪನಿಯ ಮೇಲ್‌ಗೇ ಬರಲಿ ಅನ್ನಿ.

ಪ್ರತಿ ಮಾತುಕತೆಯನ್ನೂ ಆಗಿಂದಾಗಲೇ ಬರೆಯಬೇಕು. ಇದು ಜೂನಿಯರ್ ಕೆಲಸ, ಆದರೆ ದಿನದ ಎಲ್ಲಕ್ಕಿಂತ ದೊಡ್ಡ ಕೆಲಸ. ಅರ್ಧ ಹಾಳೆಯ ಫಾರಂ ಮಾಡಿ. ಹೆಸರು, ಕಂಪನಿ, ಅವರು ಖರೀದಿಯವರಾ ವಿನ್ಯಾಸದವರಾ, ಯಾವ ಭಾಗ, ಯಾವ ಲೋಹ, ವರ್ಷಕ್ಕೆ ಎಷ್ಟು, ನಾವು ಏನು ಕಳಿಸುತ್ತೇವೆ ಅಂದೆವು, ಯಾವಾಗ. ಕಾರ್ಡನ್ನು ಅದೇ ಹಾಳೆಗೆ ಪಿನ್ ಮಾಡಿ. ಬರೀ ಕಾರ್ಡುಗಳ ಕಟ್ಟು ಊರಿಗೆ ತಂದರೆ ಯಾರು ಏನು ಕೇಳಿದರು ಅಂತ ಒಬ್ಬರಿಗೂ ನೆನಪಿರುವುದಿಲ್ಲ.

ಬರುವವರೆಲ್ಲ ಖರೀದಿದಾರರಲ್ಲ. ಟೂಲ್, ಆಯಿಲ್, ಸಾಫ್ಟ್‌ವೇರ್ ಮಾರುವವರು ನಿಮಗೇ ಮಾರಲು ಬರುತ್ತಾರೆ. ಕಾರ್ಡ್ ತೆಗೆದುಕೊಂಡು ಮೂರು ಗಂಟೆಯ ಮೇಲೆ ಬರಲು ಹೇಳಿ. "ಆರ್ಡರ್ ಕೊಡಿಸುತ್ತೇನೆ, ಮುಂಗಡ ಕೊಡಿ" ಅನ್ನುವ ಮಧ್ಯವರ್ತಿಗಳಿಗೆ ನಮಸ್ಕಾರ ಮಾಡಿ ಕಳಿಸಿ. ನಿವೃತ್ತ ವಾಯುಪಡೆಯ ಅಧಿಕಾರಿಗಳು ಬಂದರೆ ಕೂರಿಸಿ ನೀರು ಕೊಟ್ಟು ಮಾತಾಡಿಸಿ. ಅವರಿಗೆ ಆರ್ಡರ್ ಕೊಡುವ ಅಧಿಕಾರ ಇರಲಿಕ್ಕಿಲ್ಲ. ಆದರೆ ಯಾವ ಬಿಡಿಭಾಗ ಸಿಗದೆ ವಿಮಾನ ನೆಲದ ಮೇಲೆ ನಿಲ್ಲುತ್ತದೆ ಅನ್ನುವುದು ಅವರಿಗೆ ಗೊತ್ತು. ಅಂದಹಾಗೆ, ವಾಯುಪಡೆಯ ತರಬೇತಿ ಶಾಲೆ ನಮ್ಮ ಸಾಂಬ್ರಾದಲ್ಲೇ ಇದೆ. ಬೆಳಗಾವಿ ಅಂದ ಕೂಡಲೇ ಅಲ್ಲಿಯ ನೆನಪು ತೆಗೆಯುವವರು ಕಡಿಮೆಯಲ್ಲ.

ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹಾರಾಟದ ಪ್ರದರ್ಶನ ಇರುತ್ತದೆ. ತೇಜಸ್, ಸೂರ್ಯಕಿರಣ, ಸಾರಂಗ್ ಮೇಲೇರಿದಾಗ ಹಾಲ್ ಅರ್ಧ ಖಾಲಿ. ಸದ್ದಿಗೆ ಮಾತೂ ಕೇಳುವುದಿಲ್ಲ. ತಂಡದವರು ಪಾಳಿಯಲ್ಲಿ ಊಟ ಮಾಡಲು ಇದೇ ಹೊತ್ತು ಸರಿ. ಹುಡುಗರು ವಿಮಾನ ನೋಡಲು ಹೋಗಲಿ ಬಿಡಿ. ಅಷ್ಟು ದೂರ ಬಂದು ನೋಡದೆ ಹೋದರೆ ಮನೆಯಲ್ಲಿ ಏನು ಹೇಳುತ್ತಾರೆ? ಆದರೆ ಸ್ಟಾಲಿನಲ್ಲಿ ಒಬ್ಬರು ಇರಲೇಬೇಕು. ಹಾರಾಟ ಬಹಳ ನೋಡಿ ಸಾಕಾದ ಹಳಬರು ಆಗಲೇ ನಿಧಾನವಾಗಿ ಸ್ಟಾಲ್ ಸುತ್ತುತ್ತಾರೆ. ಅವರೇ ನಿಮಗೆ ಬೇಕಾದವರು.

ಮಧ್ಯಾಹ್ನದ ಮೇಲೆ ಒಬ್ಬರು ಸ್ಟಾಲ್ ಬಿಟ್ಟು ಹೊರಡಿ. ಎಚ್‌ಎಎಲ್, ಏರ್‌ಬಸ್, ಬೋಯಿಂಗ್, ಸಫ್ರಾನ್ ತರಹದವರ ಸ್ಟಾಲ್‌ಗೆ ಹೋಗಿ, ಸಪ್ಲೈಯರ್‌ಗಳ ಜೊತೆ ಮಾತಾಡುವವರು ಯಾರು ಅಂತ ಕೇಳಿ. ಮೊದಲೇ ಮೇಲ್ ಹಾಕಿ ಸಮಯ ಪಡೆದಿದ್ದರೆ ಇನ್ನೂ ಒಳ್ಳೆಯದು. ಆದರೆ ಬೆಳಗಾವಿಯ ಸಣ್ಣ ಶಾಪಿಗೆ ಇವರಿಂದ ನೇರ ಆರ್ಡರ್ ಸಿಗುವುದು ಅಪರೂಪ. ಅವರಿಗೆ ಭಾಗ ಕೊಡುವ ಎರಡನೇ, ಮೂರನೇ ಹಂತದ ಕಂಪನಿಗಳ ಸ್ಟಾಲ್‌ಗಳೇ ನಿಮ್ಮ ನಿಜವಾದ ಗುರಿ. ಅವು ಬೆಂಗಳೂರು, ಹೈದರಾಬಾದ್, ಪುಣೆಯವು, ನಿಮ್ಮ ಸಾಲಿನಲ್ಲೇ ಇರುತ್ತವೆ. ಆರ್ಡರ್ ಹೆಚ್ಚಾದಾಗ ಕೆಲಸ ಹೊರಗೆ ಕೊಡುವವರು ಅವರೇ.

ಸಾರ್ವಜನಿಕರ ದಿನಗಳಲ್ಲಿ ನೂಕುನುಗ್ಗಲು. ಸಣ್ಣ ಭಾಗಗಳನ್ನು ಗಾಜಿನ ಪೆಟ್ಟಿಗೆಗೆ ಸೇರಿಸಿ. ಎಂಜಿನಿಯರಿಂಗ್ ಓದುವ ಮಕ್ಕಳು ಬರುತ್ತಾರೆ. ಒಳ್ಳೆಯ ಪ್ರಶ್ನೆ ಕೇಳಿದವರ ಹೆಸರು ಬರೆದಿಟ್ಟುಕೊಳ್ಳಿ. ಉತ್ತರ ಕರ್ನಾಟಕದವರು, ಬೆಂಗಳೂರಿನಲ್ಲಿ ಓದಿ ಊರಿನ ಹತ್ತಿರ ಕೆಲಸ ಸಿಕ್ಕರೆ ಬರುತ್ತೇವೆ ಅನ್ನುವವರು ಅಲ್ಲಿ ಸಿಗುತ್ತಾರೆ.

ಅದೇ ಸಂಜೆ

ರೂಮಿಗೆ ಹೋಗಿ ಮಲಗುವ ಮೊದಲು ಅರ್ಧ ಗಂಟೆ ಎಲ್ಲರೂ ಕೂತು ಹಾಳೆಗಳನ್ನು ಓದಿ. ಮೂರು ಕಟ್ಟು ಮಾಡಿ: ನಿಜವಾದ ಭಾಗ, ನಿಜವಾದ ಸಂಖ್ಯೆ ಹೇಳಿದವರು; ಆಸಕ್ತಿ ಇದೆ, ಸಮಯ ಬೇಕು ಅಂದವರು; ಉಳಿದವರು. ಮೊದಲ ಕಟ್ಟಿನವರಿಗೆ ಆ ರಾತ್ರಿಯೇ ನಾಲ್ಕು ಸಾಲಿನ ಮೇಲ್ ಹೋಗಲಿ. "ನೀವು ತೋರಿಸಿದ ಹೌಸಿಂಗ್ ಬಗ್ಗೆ ಮಾತಾಡಿದೆವು, ಇದು ನಮ್ಮ ಸಾಮರ್ಥ್ಯದ ಹಾಳೆ, ಒಪ್ಪಂದದ ಕರಡು ಕಳಿಸಿ" ಅಷ್ಟೇ. ಎಲ್ಲರಿಗೂ ಒಂದೇ ಒಕ್ಕಣೆಯ ಮೇಲ್ ಕಳಿಸಿದರೆ ಯಾರೂ ತೆರೆದು ನೋಡುವುದಿಲ್ಲ. ಯಾವ ಪ್ರಶ್ನೆಗೆ ಉತ್ತರ ಗೊತ್ತಾಗಲಿಲ್ಲ ಅಂತಲೂ ಮಾತಾಡಿ. ಊರಿಗೆ ಫೋನ್ ಮಾಡಿ ಉತ್ತರ ತರಿಸಿಕೊಂಡರೆ ಮರುದಿನ ಹೇಳಬಹುದು.

ದುಬೈ, ಪ್ಯಾರಿಸ್, ಸಿಂಗಪುರ

ಯಲಹಂಕ ಅಭ್ಯಾಸವಾದ ಮೇಲೆ ಹೊರದೇಶದ ಮಾತು. ಪ್ಯಾರಿಸ್ ಮೇಳ ಬೆಸ ವರ್ಷದ ಜೂನ್‌ನಲ್ಲಿ ಲ ಬೂರ್ಜೆಯಲ್ಲಿ, ಇಂಗ್ಲೆಂಡಿನ ಫಾರ್ನ್‌ಬರೋ ಸಮ ವರ್ಷದ ಜುಲೈನಲ್ಲಿ, ದುಬೈ ಬೆಸ ವರ್ಷದ ನವೆಂಬರಿನಲ್ಲಿ, ಸಿಂಗಪುರ ಸಮ ವರ್ಷದ ಫೆಬ್ರವರಿಯಲ್ಲಿ. ಮಾದರಿ ಭಾಗಗಳನ್ನು ಒಯ್ದು ವಾಪಸ್ ತರಲು ಎಟಿಎ ಕಾರ್ನೆಟ್ ಅನ್ನುವ ಕಸ್ಟಮ್ಸ್ ಕಾಗದ ಮಾಡಿಸಿ. ನಮ್ಮ ದೇಶದಲ್ಲಿ ಅದನ್ನು ಕೊಡುವುದು ಫಿಕ್ಕಿ. ಒಂದು ವರ್ಷದ ಒಳಗೆ ಸಾಮಾನು ವಾಪಸ್ ಬಂದರೆ ಅಲ್ಲಿ ಸುಂಕ ಕಟ್ಟಬೇಕಿಲ್ಲ. ಅದಕ್ಕಿಂತ ಮೊದಲು ನಿಮ್ಮ ಭಾಗ ಸ್ಕೋಮೆಟ್ ಪಟ್ಟಿಯಲ್ಲಿ ಬರುತ್ತದಾ ನೋಡಿ. ಸೇನಾ ಬಳಕೆಗೂ ಆಗುವ ವಸ್ತುಗಳ ಪಟ್ಟಿ ಅದು. ಅದರಲ್ಲಿದ್ದರೆ ಪರವಾನಗಿ ಬೇಕು. ತಂತ್ರಜ್ಞಾನವನ್ನು ಮೇಲ್ ಮೂಲಕ ಕಳಿಸುವುದಕ್ಕೂ ಆ ನಿಯಮ ತಾಗುತ್ತದೆ. ಪ್ಲಗ್ಗೂ ಬೇರೆ: ದುಬೈ, ಸಿಂಗಪುರ, ಇಂಗ್ಲೆಂಡಿನಲ್ಲಿ ಚೌಕ ಪಿನ್ನಿನ ಮೂರು ಕಾಲಿನದು, ಪ್ಯಾರಿಸ್‌ನಲ್ಲಿ ದುಂಡು ಪಿನ್ನಿನದು.

ಊರಿಗೆ ಬಂದ ಮೇಲೆ

ಬಂದ ಮರುದಿನವೇ ಕಾರ್ಖಾನೆಯಲ್ಲಿ ಕೂತು ಮೊದಲ ಕಟ್ಟಿನ ಪ್ರತಿ ಹಾಳೆಗೂ ಒಬ್ಬರ ಹೆಸರು ಬರೆಯಿರಿ. ಆ ಹಾಳೆಯ ಹೊಣೆ ಅವರದು. ಕೊಟೇಶನ್ ಕೇಳಿ ಬಂದ ಡ್ರಾಯಿಂಗ್‌ನಲ್ಲಿ ಎಲ್ಲ ಸಾಲುಗಳಿಗೂ ಬೆಲೆ ಹಾಕಬೇಕಾಗಿಲ್ಲ. ಹತ್ತರಲ್ಲಿ ನಿಮ್ಮಿಂದ ಆಗುವ ಆರಕ್ಕೆ ಬೆಲೆ ಕೊಟ್ಟು, ಉಳಿದ ನಾಲ್ಕು ಯಾಕೆ ಆಗಲ್ಲ ಅಂತ ಒಂದೊಂದು ಸಾಲು ಬರೆಯಿರಿ. ತಿಂಗಳಾದರೂ ಉತ್ತರ ಬಾರದಿದ್ದರೆ "ನೆನಪಿಸಲು ಬರೆದೆ" ಅನ್ನಬೇಡಿ. ಹೊಸದೇನಾದರೂ ಹೇಳಿ: ಆಡಿಟ್ ಮುಗಿಯಿತು, ಹೊಸ ಸಿಎಂಎಂ ಬಂತು, ಇಂಥ ಲೋಹದಲ್ಲಿ ಒಂದು ಪೀಸ್ ಮಾಡಿ ನೋಡಿದೆವು. ಮೊದಲ ಮಾತಿನಿಂದ ಮೊದಲ ಆರ್ಡರಿಗೆ ಈ ಕ್ಷೇತ್ರದಲ್ಲಿ ವರ್ಷವೇ ಹಿಡಿಯಬಹುದು. ಬ್ಯಾಂಕಿನವರಿಗೂ ಪಾಲುದಾರರಿಗೂ ಇದನ್ನು ಮೊದಲೇ ತಿಳಿಸಿ.

ಯಾರಾದರೂ ಕಾರ್ಖಾನೆ ನೋಡಲು ಬರುತ್ತೇವೆ ಅಂದರೆ ಅದೇ ದೊಡ್ಡ ಫಲ. ಹೂವಿನ ಹಾರಕ್ಕಿಂತ ಮೊದಲು ಗೇಜುಗಳ ಕ್ಯಾಲಿಬ್ರೇಷನ್ ಚೀಟಿಯ ದಿನಾಂಕ ನೋಡಿ. ರಿಜೆಕ್ಟ್ ಪೀಸುಗಳಿಗೆ ಬೀಗ ಇರುವ ಕೆಂಪು ಪೆಟ್ಟಿಗೆ ಇದೆಯಾ, ಕಚ್ಚಾ ಬಾರ್‌ಗಳ ಮೇಲೆ ಲೋಹ ಯಾವ ಕರಗಿಕೆಯದು ಅಂತ ಹೇಳುವ ಹೀಟ್ ನಂಬರ್ ಕಾಣುತ್ತದಾ, ಯಂತ್ರದ ಪಕ್ಕ ತೂಗುಹಾಕಿದ ಡ್ರಾಯಿಂಗ್ ಹೊಸ ಆವೃತ್ತಿಯದಾ ನೋಡಿ. ಬೇರೆ ಗಿರಾಕಿಯ ಭಾಗಗಳಿಗೆ ಬಟ್ಟೆ ಮುಚ್ಚಿ. ಸ್ಟಾಲಿನಲ್ಲಿ ಮಾತಾಡಿದ ಎಂಜಿನಿಯರ್ ಆ ದಿನ ರಜೆ ಹಾಕದ ಹಾಗೆ ನೋಡಿಕೊಳ್ಳಿ. ಸಾಂಬ್ರಾಕ್ಕೆ ಕಾರು ಕಳಿಸುವಾಗ ಬಂದವರನ್ನು ಕರೆತರಲು ಆ ಎಂಜಿನಿಯರನ್ನೇ ಕಳಿಸಿ.